ಒಂದು ಪ್ರದೇಶದ ಸಾರಜನಕದ ಲೆಕ್ಕ: ಗೊಬ್ಬರದ ಚೀಲದಿಂದ ಕೊಳಚೆ ನೀರಿನವರೆಗೆ

"ಸಾರಜನಕದ ಬಜೆಟ್ ಮಾಡೋದು ಹೇಗೆ?" ಈ ಪ್ರಶ್ನೆ ಪದೇ ಪದೇ ಬರುತ್ತಿದೆ. ಬಜೆಟ್ ಎಂದರೆ ಒಂದು ಪ್ರದೇಶಕ್ಕೆ ಎಷ್ಟು ಸಾರಜನಕ ಬಂತು, ಎಷ್ಟು ಹೋಯಿತು ಎಂಬ ಜಮಾ-ಖರ್ಚಿನ ಲೆಕ್ಕ. ಕೇಳುವವರಲ್ಲಿ ಪರಿಸರ ವಿಜ್ಞಾನದ ವಿದ್ಯಾರ್ಥಿಗಳಿದ್ದಾರೆ, ಕೃಷಿ ಇಲಾಖೆಯವರಿದ್ದಾರೆ, ಅಂತರ್ಜಲದಲ್ಲಿ ನೈಟ್ರೇಟ್ ಯಾಕೆ ಏರುತ್ತಿದೆ ಎಂದು ತಲೆ ಕೆಡಿಸಿಕೊಂಡವರೂ ಇದ್ದಾರೆ. ತೊಡಕು ಮಾತ್ರ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ. ಅಂಕಿಅಂಶ ರಾಶಿ ಬಿದ್ದಿದೆ, ಎಲ್ಲಿಂದ ಶುರು ಮಾಡಬೇಕು ಗೊತ್ತಿಲ್ಲ. ಇಲ್ಲವೇ ಶುರು ಮಾಡಿಯಾಗಿದೆ, ಕೊನೆಗೆ ಜಮಾ-ಖರ್ಚು ತಾಳೆಯಾಗುತ್ತಿಲ್ಲ.

ಮೊದಲು ಯಾವ ಸಾರಜನಕದ ಲೆಕ್ಕ ಎನ್ನುವುದು ಸ್ಪಷ್ಟವಾಗಲಿ. ಗಾಳಿಯಲ್ಲಿ ಶೇ 78ರಷ್ಟು ಇರುವುದು ಸಾರಜನಕವೇ. ಆದರೆ ಅದರ ಎರಡು ಪರಮಾಣುಗಳು ಗಟ್ಟಿಯಾಗಿ ಅಂಟಿಕೊಂಡಿವೆ, ಹೆಚ್ಚಿನ ಜೀವಿಗಳಿಗೆ ಅದು ದಕ್ಕುವುದಿಲ್ಲ. ಆ ಬಂಧ ಬಿಡಿಸಿಕೊಂಡು ಅಮೋನಿಯಾ, ನೈಟ್ರೇಟ್, ಯೂರಿಯಾ, ಪ್ರೋಟೀನ್ ಮುಂತಾದ ರೂಪಕ್ಕೆ ಬಂದದ್ದನ್ನು ಕ್ರಿಯಾಶೀಲ ಸಾರಜನಕ ಎನ್ನುತ್ತಾರೆ. ನಾವು ಬೆನ್ನುಹತ್ತುವುದು ಇದನ್ನೇ. ಮೊದಲು ಈ ಕೆಲಸ ಬಹುಪಾಲು ಮಣ್ಣಿನ ಮತ್ತು ಬೇರುಗಂಟಿನ ಬ್ಯಾಕ್ಟೀರಿಯಾಗಳದ್ದಾಗಿತ್ತು. 1909ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಫ್ರಿಟ್ಜ್ ಹೇಬರ್ ಗಾಳಿಯ ಸಾರಜನಕದಿಂದ ಪ್ರಯೋಗಾಲಯದಲ್ಲಿ ಅಮೋನಿಯಾ ಮಾಡಿ ತೋರಿಸಿದರು. 1913ರಲ್ಲಿ ಜರ್ಮನಿಯ ಓಪಾವ್‌ನಲ್ಲಿ ಕಾರ್ಖಾನೆಯೇ ಶುರುವಾಯಿತು. ಅಲ್ಲಿಂದ ಈ ಲೆಕ್ಕ ದೊಡ್ಡದಾಗುತ್ತಾ ಬಂದಿದೆ.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಒಂದು ಸ್ಪ್ರೆಡ್‌ಶೀಟ್, ಒಂದು ದೊಡ್ಡ ಹಾಳೆ, ಪೆನ್ಸಿಲ್. ಅಂಕಿಅಂಶದಲ್ಲಿ ಬೆಳೆವಾರು ವಿಸ್ತೀರ್ಣ ಮತ್ತು ಇಳುವರಿ, ಗೊಬ್ಬರ ಮಾರಾಟ, ಜಾನುವಾರು ಗಣತಿ, ಜನಸಂಖ್ಯೆ, ಆಹಾರ ಬಳಕೆಯ ಸಮೀಕ್ಷೆ ಇಷ್ಟಿದ್ದರೆ ಮೊದಲ ಸುತ್ತು ಮುಗಿಸಬಹುದು. ಮಣ್ಣಿನ ಪರೀಕ್ಷೆ ಬೇಡವಾ ಎಂದು ತುಂಬಾ ಜನ ಕೇಳುತ್ತಾರೆ. ಈ ಕೆಲಸಕ್ಕೆ ಸದ್ಯ ಬೇಡ, ಕಾರಣ ಮುಂದೆ ಬರುತ್ತದೆ.

1. ಗಡಿ ಹಾಕಿ, ವರ್ಷ ಆರಿಸಿ

ಅಂಕಿಅಂಶ ಸಿಗುವುದು ಆಡಳಿತದ ಗಡಿ ಪ್ರಕಾರ. ನೀರು ಹರಿಯುವುದು ಜಲಾನಯನದ ಗಡಿ ಪ್ರಕಾರ. ಎರಡೂ ಒಂದೇ ಆಗಿರುವುದು ಅಪರೂಪ. ನಿಮ್ಮ ಪ್ರಶ್ನೆ ನದಿ ಅಥವಾ ಕೆರೆಯದ್ದಾದರೆ ಜಲಾನಯನವನ್ನೇ ಹಿಡಿಯಿರಿ, ಆಡಳಿತ ಘಟಕಗಳ ಅಂಕಿಗಳನ್ನು ವಿಸ್ತೀರ್ಣಕ್ಕೆ ತಕ್ಕಂತೆ ಹಂಚಿಕೊಳ್ಳಿ. ಗೊಬ್ಬರ ನೀತಿ, ಆಹಾರ ಪೂರೈಕೆ ಇಂಥ ಪ್ರಶ್ನೆಯಾದರೆ ಆಡಳಿತದ ಗಡಿಯೇ ಸಾಕು. ಅರ್ಧ ದಾರಿಯಲ್ಲಿ ಗಡಿ ಬದಲಿಸಬೇಡಿ.

ಒಂದೇ ವರ್ಷದ ಅಂಕಿ ಮೇಲೆ ಕೂರಬೇಡಿ. ಮಳೆ ಕೈಕೊಟ್ಟ ವರ್ಷ ಇಳುವರಿ ಬೀಳುತ್ತದೆ, ಆದರೆ ಗೊಬ್ಬರ ಆಗಲೇ ಹೊಲ ಸೇರಿರುತ್ತದೆ. ಈ ವರ್ಷ ಮಾರಿದ ಯೂರಿಯಾ ಮುಂದಿನ ಹಂಗಾಮಿನಲ್ಲಿ ಬಳಕೆಯಾಗುವುದೂ ಉಂಟು. ಮೂರು ವರ್ಷದ ಸರಾಸರಿ ತೆಗೆದರೆ ಇಂಥ ಏರಿಳಿತ ತಕ್ಕಮಟ್ಟಿಗೆ ತಣ್ಣಗಾಗುತ್ತದೆ.

2. ಪೆಟ್ಟಿಗೆಗಳನ್ನು ಬರೆಯಿರಿ

ಹಾಳೆಯ ಮೇಲೆ ಮೂರು ಪೆಟ್ಟಿಗೆ ಬರೆಯಿರಿ: ಹೊಲ, ಜಾನುವಾರು, ಜನ. ಹುಲ್ಲುಗಾವಲು ಜಾಸ್ತಿ ಇರುವ ಪ್ರದೇಶವಾದರೆ ಅದಕ್ಕೆ ನಾಲ್ಕನೆಯದು. ಸುತ್ತ ಒಂದು ದೊಡ್ಡ ಚೌಕ ಎಳೆಯಿರಿ, ಅದೇ ನಿಮ್ಮ ಗಡಿ. ಚೌಕದ ಹೊರಗೆ ಗಾಳಿ, ನೀರು, ಹೊರಗಿನ ಮಾರುಕಟ್ಟೆ. ಈಗ ಬಾಣ ಹಾಕುತ್ತಾ ಹೋಗಿ. ಗೊಬ್ಬರ ಹೊರಗಿನಿಂದ ಹೊಲಕ್ಕೆ, ಮೇವು ಹೊಲದಿಂದ ಜಾನುವಾರಿಗೆ, ಸಗಣಿ-ಗಂಜಲ ವಾಪಸ್ ಹೊಲಕ್ಕೆ, ಹೀಗೆ.

ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ ಮಾರ್ಗಸೂಚಿ ಇಡೀ ದೇಶದ ಬಜೆಟ್‌ಗೆ ಎಂಟು ಪೆಟ್ಟಿಗೆ ಹೇಳುತ್ತದೆ. ಇಂಧನ, ಕೈಗಾರಿಕೆ, ಕಾಡು ಎಲ್ಲ ಅದರಲ್ಲಿ ಬರುತ್ತವೆ. ಕೃಷಿ ಮತ್ತು ಆಹಾರ ಮಾತ್ರ ನೋಡುವವರಿಗೆ ಅಷ್ಟು ಬೇಡ. ಮೊದಲ ದಿನವೇ ಎಂಟು ಪೆಟ್ಟಿಗೆ ಹಿಡಿದು ಕೂತವರು ಬಜೆಟ್ ಮುಗಿಸುವುದು ಕಡಿಮೆ.

ಇಲ್ಲೇ ಒಂದು ನಿಯಮ ಬರೆದಿಟ್ಟುಕೊಳ್ಳಿ. ಚೌಕದ ಗೆರೆ ದಾಟುವ ಬಾಣ ಮಾತ್ರ ಪ್ರದೇಶದ ಜಮಾ ಅಥವಾ ಖರ್ಚು. ಒಳಗೊಳಗೇ ಓಡಾಡುವ ಬಾಣ ಆಯಾ ಪೆಟ್ಟಿಗೆಯ ಲೆಕ್ಕಕ್ಕೆ ಬೇಕು, ಪ್ರದೇಶದ ಒಟ್ಟು ಲೆಕ್ಕಕ್ಕೆ ಬೇಡ. ಕೊಟ್ಟಿಗೆ ಗೊಬ್ಬರವನ್ನು ಪ್ರದೇಶದ ಜಮಾ ಎಂದು ಸೇರಿಸುವುದು ಅತಿ ಸಾಮಾನ್ಯವಾದ ತಪ್ಪು. ಅದರಲ್ಲಿರುವ ಸಾರಜನಕ ಮೇವಿನ ರೂಪದಲ್ಲಿ ಬಂದಾಗಲೇ, ಅಥವಾ ಅದಕ್ಕೂ ಮೊದಲು ಯೂರಿಯಾ ರೂಪದಲ್ಲಿ ಬಂದಾಗಲೇ ಒಮ್ಮೆ ಎಣಿಸಿಯಾಗಿದೆ.

3. ಎಲ್ಲವನ್ನೂ ಸಾರಜನಕದ ತೂಕಕ್ಕೆ ಇಳಿಸಿ

ಯೂರಿಯಾ ಟನ್, ಹಾಲು ಲೀಟರ್, ನೈಟ್ರೇಟ್ ಮಿಲಿಗ್ರಾಂ ಇವನ್ನು ಹಾಗೇ ಕೂಡಲು ಬರುವುದಿಲ್ಲ. ಎಲ್ಲದರಲ್ಲೂ ಬರೀ ಸಾರಜನಕ ಎಷ್ಟು ಎಂದು ತೆಗೆಯಬೇಕು. ಮೊದಲ ಸುತ್ತಿಗೆ ಈ ಅಂದಾಜುಗಳು ಸಾಕು:

- ಯೂರಿಯಾ ಶೇ 46, ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಶೇ 18, ಅಮೋನಿಯಂ ಸಲ್ಫೇಟ್ ಶೇ 21
- ಗೋಧಿ ಕಾಳು ಶೇ 1.9, ಅಕ್ಕಿ ಶೇ 1.2, ಸೋಯಾ ಕಾಳು ಶೇ 6, ಗೋಧಿ ಹುಲ್ಲು ಶೇ 0.5
- ಹಾಲು ಶೇ 0.5, ಮೊಟ್ಟೆ ಶೇ 2, ಮಾಂಸ ಶೇ 3ರ ಆಸುಪಾಸು

ಗೊಬ್ಬರದ ಚೀಲದ ಮೇಲೆ ಮೂರು ಸಂಖ್ಯೆ ಇದ್ದರೆ ಮೊದಲನೆಯದೇ ಸಾರಜನಕದ ಶೇಕಡಾವಾರು. ರಂಜಕ, ಪೊಟ್ಯಾಷ್ ಸಂಖ್ಯೆಗಳನ್ನು ಸಾಮಾನ್ಯವಾಗಿ ಆಕ್ಸೈಡ್ ರೂಪದಲ್ಲಿ ಕೊಟ್ಟಿರುತ್ತಾರೆ. ಸಾರಜನಕದ್ದು ನೇರ, ಪರಿವರ್ತನೆ ಬೇಕಿಲ್ಲ.

ಆಹಾರದ ಪಟ್ಟಿಯಲ್ಲಿ ಪ್ರೋಟೀನ್ ಮಾತ್ರ ಸಿಕ್ಕರೆ 6.25ರಿಂದ ಭಾಗಿಸಿ. ಪ್ರೋಟೀನಿನಲ್ಲಿ ಸುಮಾರು ಶೇ 16 ಸಾರಜನಕ ಇರುತ್ತದೆ ಎನ್ನುವುದೇ ಈ ಸಂಖ್ಯೆಯ ಮೂಲ. ಹಾಲಿಗೆ 6.38, ಗೋಧಿ ಹಿಟ್ಟಿಗೆ 5.7 ಬಳಸುವ ರೂಢಿಯಿದೆ. ಇಲ್ಲೊಂದು ಸ್ವಾರಸ್ಯ ಇದೆ. 1883ರಲ್ಲಿ ಬಂದ ಕೆಲ್ಡಾಲ್ ವಿಧಾನ ಅಳೆಯುವುದು ಪ್ರೋಟೀನನ್ನಲ್ಲ, ಸಾರಜನಕವನ್ನು. ಪ್ರಯೋಗಾಲಯದವರು ಅದನ್ನು ಗುಣಿಸಿ ಪ್ರೋಟೀನ್ ಎಂದು ಬರೆದುಕೊಡುತ್ತಾರೆ, ನೀವು ಮತ್ತೆ ಭಾಗಿಸಿ ಹಿಂದಕ್ಕೆ ಹೋಗುತ್ತೀರಿ. ಅವರು ಯಾವ ಸಂಖ್ಯೆಯಿಂದ ಗುಣಿಸಿದ್ದರೋ ಅದರಿಂದಲೇ ಭಾಗಿಸಿದರೆ ಮಾತ್ರ ಸರಿಯಾದ ಉತ್ತರ.

ಎರಡು ಗುಂಡಿಗಳಿವೆ, ನೋಡಿಕೊಂಡು ಹೆಜ್ಜೆ ಇಡಿ. ಒಂದು ತೇವಾಂಶ. ಹಸಿ ಮೇವಿನಲ್ಲಿ ಮುಕ್ಕಾಲು ಭಾಗದಷ್ಟು ನೀರೇ ಇರಬಹುದು. ಒಣ ತೂಕದ ಶೇಕಡಾವಾರನ್ನು ಹಸಿ ತೂಕಕ್ಕೆ ಹಾಕಿದರೆ ಉತ್ತರ ಮೂರು ನಾಲ್ಕು ಪಟ್ಟು ಉಬ್ಬುತ್ತದೆ. ಎರಡನೆಯದು ನೈಟ್ರೇಟ್. ನೀರಿನ ವರದಿಯಲ್ಲಿ "ನೈಟ್ರೇಟ್" ಎಂದಿದ್ದರೆ ಇಡೀ ಅಣುವಿನ ತೂಕ, "ನೈಟ್ರೇಟ್ ಸಾರಜನಕ" ಎಂದಿದ್ದರೆ ಅದರೊಳಗಿನ ಸಾರಜನಕದ ತೂಕ. ನಡುವಿನ ಅಂತರ 4.43 ಪಟ್ಟು. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಹೇಳುವ ಲೀಟರಿಗೆ 50 ಮಿಲಿಗ್ರಾಂ ಮಿತಿ ಮೊದಲ ಬಗೆಯದು. ಎರಡನೆಯ ಬಗೆಯಲ್ಲಿ ಅದು 11.3.

4. ಹೊಲದ ಲೆಕ್ಕ

ಇಲ್ಲಿಂದ ಮುಂದೆ ಒಂದು ಕಾಲ್ಪನಿಕ ಪ್ರದೇಶ ಇಟ್ಟುಕೊಳ್ಳೋಣ. 20,000 ಹೆಕ್ಟೇರ್ ಸಾಗುವಳಿ, 10,000 ಹಸು, 1,00,000 ಜನ. ಲೆಕ್ಕಕ್ಕಾಗಿ ನಾನೇ ಇಟ್ಟ ಸಂಖ್ಯೆಗಳಿವು. ನಿಮ್ಮ ಸಂಖ್ಯೆ ಹಾಕಿಕೊಂಡು ಪಕ್ಕದಲ್ಲೇ ಮಾಡುತ್ತಾ ಬನ್ನಿ.

ಹೊಲಕ್ಕೆ ಬರುವುದು ನಾಲ್ಕು ದಾರಿಯಲ್ಲಿ.

ರಸಗೊಬ್ಬರ: 3000 ಟನ್ ಯೂರಿಯಾದಿಂದ 1380 ಟನ್, 1000 ಟನ್ ಡಿಎಪಿಯಿಂದ 180 ಟನ್. ಒಟ್ಟು 1560 ಟನ್ ಸಾರಜನಕ.

ದ್ವಿದಳ ಬೆಳೆ ಗಾಳಿಯಿಂದ ಹಿಡಿದದ್ದು: ಭೂಮಿಯ ಮೇಲೆ ಬೆಳೆದ ಒಂದು ಟನ್ ಒಣ ಗಿಡಕ್ಕೆ ಸುಮಾರು 20 ಕೆಜಿ ಎನ್ನುವುದು ಬಳಕೆಯಲ್ಲಿರುವ ಅಂದಾಜು. 3000 ಹೆಕ್ಟೇರ್ ಸೋಯಾ, ಹೆಕ್ಟೇರಿಗೆ 4 ಟನ್ ಒಣ ಗಿಡ. ಅಲ್ಲಿಗೆ 240 ಟನ್.

ಗಾಳಿ ಮತ್ತು ಮಳೆಯಿಂದ ಇಳಿದದ್ದು: ಹೆಕ್ಟೇರಿಗೆ 10 ಕೆಜಿ ಎಂದಿಟ್ಟರೆ 200 ಟನ್. ಇದನ್ನು ನೀವು ಅಳೆಯಲಾರಿರಿ, ವಾತಾವರಣದ ಮಾದರಿಗಳ ನಕ್ಷೆಯಿಂದ ತೆಗೆದುಕೊಳ್ಳಿ.

ಕೊಟ್ಟಿಗೆ ಗೊಬ್ಬರ: 400 ಟನ್. ಇದು ಎಲ್ಲಿಂದ ಬಂತು ಎನ್ನುವುದು ಮುಂದಿನ ಹಂತದಲ್ಲಿದೆ.

ಒಟ್ಟು ಜಮಾ 2400 ಟನ್.

ಹೊಲದಿಂದ ಹೊರಟದ್ದು: 42,000 ಟನ್ ಗೋಧಿಯಲ್ಲಿ 798, 6000 ಟನ್ ಸೋಯಾದಲ್ಲಿ 360, ಮೇವಿನ ಜೋಳದಲ್ಲಿ 288 (24,000 ಟನ್ ಒಣ ತೂಕ, ಶೇ 1.2), ದನಕ್ಕೆಂದು ಒಯ್ದ 21,000 ಟನ್ ಗೋಧಿ ಹುಲ್ಲಿನಲ್ಲಿ 105. ಒಟ್ಟು 1551 ಟನ್.

ಹುಲ್ಲನ್ನು ಮರೆಯುವವರು ತುಂಬಾ ಜನ. ಇಳುವರಿ ಎಂದರೆ ಕಾಳು ಎಂದು ಕಣ್ಣು ರೂಢಿಯಾಗಿಬಿಟ್ಟಿದೆ. ಹೊಲದಲ್ಲೇ ಕೊಳೆತ ಹುಲ್ಲನ್ನು ಎಣಿಸಬೇಡಿ, ಅದು ಎಲ್ಲಿಗೂ ಹೋಗಿಲ್ಲ. ಒಯ್ದದ್ದನ್ನು ಎಣಿಸಿ. ಸುಟ್ಟದ್ದನ್ನು ಗಾಳಿಗೆ ಹೋದ ಖರ್ಚು ಎಂದು ಬೇರೆ ಸಾಲಿನಲ್ಲಿ ಬರೆಯಿರಿ.

ಜಮಾದಲ್ಲಿ ಖರ್ಚು ಕಳೆದರೆ 849 ಟನ್ ಮಿಗುತ್ತದೆ. ಇದಕ್ಕೆ ಮಿಗತೆ ಎನ್ನೋಣ. ಹೆಕ್ಟೇರಿಗೆ ಸುಮಾರು 42 ಕೆಜಿ. ಖರ್ಚನ್ನು ಜಮಾದಿಂದ ಭಾಗಿಸಿದರೆ ಸಿಗುವುದು ಸಾರಜನಕ ಬಳಕೆಯ ದಕ್ಷತೆ, ಇಲ್ಲಿ ಶೇ 65ರ ಹತ್ತಿರ. ಯುರೋಪಿನ ಸಾರಜನಕ ತಜ್ಞರ ಸಮಿತಿ 2015ರಲ್ಲಿ ಒಂದು ಅಳತೆಗೋಲು ಕೊಟ್ಟಿತು. ದಕ್ಷತೆ ಶೇ 50ರಿಂದ 90ರ ನಡುವೆ ಇರಲಿ, ಮಿಗತೆ ಹೆಕ್ಟೇರಿಗೆ 80 ಕೆಜಿ ದಾಟದಿರಲಿ ಎಂದು. ಶೇ 90 ದಾಟಿದರೆ ಖುಷಿಪಡಬೇಡಿ. ಬೆಳೆ ಮಣ್ಣಿನ ಹಳೆಯ ದಾಸ್ತಾನನ್ನು ತಿನ್ನುತ್ತಿದೆ ಎಂದೇ ಅದರ ಅರ್ಥ ಇರಬಹುದು.

ಸೋಯಾ ಸಾಲನ್ನು ಸ್ವಲ್ಪ ಹತ್ತಿರದಿಂದ ನೋಡಿ. ಹೆಕ್ಟೇರಿಗೆ ಗಾಳಿಯಿಂದ ಹಿಡಿದದ್ದು 80 ಕೆಜಿ. ಕಾಳಿನ ಜೊತೆ ಹೋದದ್ದು 120 ಕೆಜಿ. ಬೇರಿನಲ್ಲಿ ಹಿಡಿದದ್ದನ್ನು ಸೇರಿಸಿದರೆ ಅಂತರ ಕಡಿಮೆಯಾಗುತ್ತದೆ, ನಿಜ. ಆದರೂ ದ್ವಿದಳ ಹಾಕಿದರೆ ಭೂಮಿಗೆ ಸಾರಜನಕ ಉಳಿದೇ ಉಳಿಯುತ್ತದೆ ಎಂದು ಕಣ್ಣುಮುಚ್ಚಿ ಬರೆಯಲು ಬರುವುದಿಲ್ಲ. ಕಾಳು ಕೊಯ್ಯುವ ಬೆಳೆಯೇ ಬೇರೆ, ಹಸಿರೆಲೆ ಗೊಬ್ಬರವೇ ಬೇರೆ.

ಮಣ್ಣಿನ ಪರೀಕ್ಷೆಯ ಮಾತಿಗೆ ಬರೋಣ. ಒಂದು ಹೆಕ್ಟೇರಿನ ಮೇಲ್ಮಣ್ಣು, 20 ಸೆಂಟಿಮೀಟರ್ ಆಳ, ಸಾಂದ್ರತೆ 1.3 ಎಂದಿಟ್ಟರೆ ಅದರ ತೂಕ 2600 ಟನ್. ಅದರಲ್ಲಿ ಶೇ 0.1 ಸಾರಜನಕ ಇದ್ದರೂ 2600 ಕೆಜಿ ಆಯಿತು. ನಮ್ಮ ಮಿಗತೆ 42 ಕೆಜಿ ಪೂರ್ತಿ ಮಣ್ಣಲ್ಲೇ ಉಳಿಯಿತು ಎನ್ನಿ, ಬದಲಾವಣೆ ಶೇ 1.6. ಒಂದೇ ಹೊಲದ ಎರಡು ಮೂಲೆಯ ಮಾದರಿಗಳ ನಡುವೆಯೇ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಇರುತ್ತದೆ. ವರ್ಷದಿಂದ ವರ್ಷಕ್ಕೆ ಆದ ಬದಲಾವಣೆ ಪರೀಕ್ಷೆಗೆ ಸಿಗುವುದಿಲ್ಲ ಎಂದದ್ದು ಇದಕ್ಕೇ. ಹತ್ತು ಹದಿನೈದು ವರ್ಷದ ಅಂತರದ ಮಾದರಿಗಳಿದ್ದರೆ ಆ ಮಾತು ಬೇರೆ.

5. ಜಾನುವಾರಿನ ಲೆಕ್ಕ

ಒಂದು ಹಸು ವರ್ಷಕ್ಕೆ ಇಷ್ಟು ಕೆಜಿ ಸಾರಜನಕ ಹೊರಹಾಕುತ್ತದೆ ಎಂಬ ಸಿದ್ಧ ಪಟ್ಟಿಗಳಿವೆ. ಸುಮ್ನೆ ಅದನ್ನೇ ಎತ್ತಿ ಹಾಕಬೇಡಿ. ತಿಂದದ್ದರಲ್ಲಿ ಹಾಲಿಗೆ, ಮೈಗೆ ಹೋದದ್ದನ್ನು ಕಳೆಯಿರಿ, ಉಳಿದದ್ದೇ ಸಗಣಿ-ಗಂಜಲ. ಪಟ್ಟಿಯ ಸಂಖ್ಯೆ ತಾಳೆ ನೋಡುವುದಕ್ಕೆ ಇರಲಿ.

ದಿನಕ್ಕೆ 12 ಕೆಜಿ ಒಣ ಮೇವು, ಅದರಲ್ಲಿ ಶೇ 13 ಪ್ರೋಟೀನ್. 6.25ರಿಂದ ಭಾಗಿಸಿದರೆ ಸುಮಾರು 250 ಗ್ರಾಂ ಸಾರಜನಕ. 10 ಕೆಜಿ ಹಾಲು, ಶೇ 3.3 ಪ್ರೋಟೀನ್, 6.38ರಿಂದ ಭಾಗಿಸಿದರೆ 52 ಗ್ರಾಂ. ಅಂದರೆ ತಿಂದದ್ದರಲ್ಲಿ ಐದನೇ ಒಂದು ಭಾಗ ಹಾಲಾಯಿತು, ಮಿಕ್ಕ 198 ಗ್ರಾಂ ಕೊಟ್ಟಿಗೆಗೆ. ವರ್ಷಕ್ಕೆ 72 ಕೆಜಿ. ಹಾಲು ಕಡಿಮೆ ಕೊಡುವ, ಒಣಹುಲ್ಲಿನ ಮೇಲೇ ಇರುವ ಹಸುವಿನ ಸಂಖ್ಯೆ ಇದರ ಅರ್ಧವೂ ಇರಬಹುದು. ಅದಕ್ಕೇ ಸಿದ್ಧ ಪಟ್ಟಿ ಬೇಡ ಎಂದದ್ದು.

10,000 ಹಸುವಿಗೆ ಮೇವಿನಲ್ಲಿ 912 ಟನ್ ಬೇಕು. ಊರಿನ ಜೋಳದ ಮೇವು 288, ಹುಲ್ಲು 105, ಸೋಯಾ ಹಿಂಡಿಯಿಂದ 200. ಇನ್ನು 319 ಟನ್ ಬಾಕಿ. ಅದು ಹೊರಗಿನಿಂದ ಬಂದ ಪಶು ಆಹಾರ. ಈ ಬಾಕಿಯನ್ನು ವ್ಯಾಪಾರಿಗಳ ಹತ್ತಿರ ವಿಚಾರಿಸಿ ಖಾತರಿ ಮಾಡಿಕೊಳ್ಳಿ, ಯಾಕೆಂದರೆ ಇದು ಗೆರೆ ದಾಟುವ ಬಾಣ.

ಹಾಲಿನಲ್ಲಿ 190 ಟನ್ ಹೋಯಿತು, 722 ಟನ್ ಕೊಟ್ಟಿಗೆಯಲ್ಲಿ ಬಿತ್ತು. ಮಾಂಸಕ್ಕೆ ಹೋಗುವ ಪ್ರಾಣಿಗಳಿದ್ದರೆ ಜೀವಂತ ತೂಕದ ಶೇ 2.5ರಷ್ಟು ಸಾರಜನಕ ಎಂದು ಹಿಡಿಯಬಹುದು. ಇಲ್ಲಿ ಅದನ್ನು ಬಿಟ್ಟಿದ್ದೇನೆ.

722ರಲ್ಲಿ ಹೊಲ ಮುಟ್ಟಿದ್ದು 400. ಉಳಿದ 322 ಎಲ್ಲಿ? ಗಂಜಲದಲ್ಲಿರುವ ಯೂರಿಯಾ ಗಂಟೆಗಳಲ್ಲೇ ಅಮೋನಿಯಾ ಆಗಲು ಶುರುವಾಗುತ್ತದೆ. ಕೊಟ್ಟಿಗೆಗೆ ಕಾಲಿಟ್ಟಾಗ ಮೂಗಿಗೆ ಹೊಡೆಯುವ ಆ ಘಾಟು ಇದೇ. ತಿಪ್ಪೆಯಿಂದ ಮಳೆನೀರಿನ ಜೊತೆ ಇನ್ನಷ್ಟು ಹೋಗುತ್ತದೆ. ಸಗಣಿಯನ್ನು ಉರುವಲಿಗೆ ಬಳಸಿದರೆ ಅದೂ ಖರ್ಚೇ.

6. ಜನರ ಲೆಕ್ಕ

ಇದು ಸುಲಭ. ದಿನಕ್ಕೆ 70 ಗ್ರಾಂ ಪ್ರೋಟೀನ್ ಎಂದರೆ 11.2 ಗ್ರಾಂ ಸಾರಜನಕ, ವರ್ಷಕ್ಕೆ 4.1 ಕೆಜಿ. ಲಕ್ಷ ಜನಕ್ಕೆ 410 ಟನ್. ಬೆಳೆದ ವಯಸ್ಕರ ದೇಹದಲ್ಲಿ ಸಾರಜನಕ ಕೂಡಿಕೊಳ್ಳುವುದಿಲ್ಲ, ತಿಂದಷ್ಟೂ ಹೊರಗೆ ಬರುತ್ತದೆ, ಅದೂ ಬಹುಪಾಲು ಮೂತ್ರದಲ್ಲಿ. ಹಾಗಾಗಿ ಉಣ್ಣುವ 410 ಟನ್ ಪೂರ್ತಿ ಕೊಳಚೆ ನೀರಿನ ಸಾಲಿಗೆ ಹಾಕಿ.

ಪೂರೈಕೆ ಮತ್ತು ಸೇವನೆ ಬೇರೆ ಬೇರೆ ಎನ್ನುವುದು ನೆನಪಿರಲಿ. ಆಹಾರ ಮತ್ತು ಕೃಷಿ ಸಂಸ್ಥೆಯ ಆಹಾರ ಸಮತೋಲನ ಪಟ್ಟಿ ಕೊಡುವುದು ಪೂರೈಕೆ. ಮನೆಯಲ್ಲಿ ಚೆಲ್ಲಿದ್ದೂ ಅದರಲ್ಲಿ ಸೇರಿದೆ. ನಮ್ಮ ಪ್ರದೇಶದಲ್ಲಿ ಪೂರೈಕೆ 440 ಟನ್: ಸ್ಥಳೀಯ ಗೋಧಿ 300, ಸ್ಥಳೀಯ ಹಾಲು 60, ಹೊರಗಿನ ಆಹಾರ 80. ಚೆಲ್ಲಿದ್ದು 30.

7. ಈಗ ತಾಳೆ ನೋಡಿ

ಗೆರೆ ದಾಟಿ ಒಳಬಂದದ್ದು: ರಸಗೊಬ್ಬರ 1560, ದ್ವಿದಳ 240, ಗಾಳಿ-ಮಳೆ 200, ಪಶು ಆಹಾರ 319, ಜನರ ಆಹಾರ 80. ಒಟ್ಟು 2399 ಟನ್.

ಮಾರಾಟವಾಗಿ ಹೊರಹೋದದ್ದು: ಗೋಧಿ 498, ಸೋಯಾ 160, ಹಾಲು 130. ಒಟ್ಟು 788 ಟನ್.

ವ್ಯತ್ಯಾಸ 1611 ಟನ್. ಈಗ ಪೆಟ್ಟಿಗೆಗಳ ಕಡೆಯಿಂದ ಕೂಡಿ. ಹೊಲದ ಮಿಗತೆ 849, ಕೊಟ್ಟಿಗೆಯಿಂದ ಹೊಲ ಮುಟ್ಟದ್ದು 322, ಜನರ ಕಡೆಯಿಂದ ಕೊಳಚೆ ಮತ್ತು ಚೆಲ್ಲಿದ್ದು ಸೇರಿ 440. ಒಟ್ಟು 1611. ಸರಿಹೋಯಿತು.

ನಿಮ್ಮದು ಸರಿಹೋಗದಿದ್ದರೆ ಗಾಬರಿಯಾಗಬೇಡಿ. ಯಾವುದೋ ಒಂದು ಬಾಣ ಒಂದು ಪೆಟ್ಟಿಗೆಯಿಂದ ಹೊರಟಿದೆ, ಇನ್ನೊಂದಕ್ಕೆ ತಲುಪಿಲ್ಲ. ನನ್ನ ಅನುಭವದಲ್ಲಿ ಮೊದಲು ನೋಡಬೇಕಾದ್ದು ಹಿಂಡಿ ಮತ್ತು ತೌಡು. ಕಾಳು ಗಿರಣಿಗೆ ಹೋಗುತ್ತದೆ, ಎಣ್ಣೆಯಲ್ಲಿ ಸಾರಜನಕ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಅಷ್ಟೂ ಹಿಂಡಿಗೆ ಬಂದು ದನದ ಬಾಯಿ ಸೇರುತ್ತದೆ. ಈ ಸುತ್ತನ್ನು ಮರೆತರೆ ಒಂದೇ ಕಾಳನ್ನು ಮಾರಾಟದಲ್ಲೂ ಮೇವಿನಲ್ಲೂ ಎಣಿಸುತ್ತೀರಿ.

ಸರಿಹೋಯಿತು ಎಂದು ಬೀಗುವುದೂ ಬೇಡ. ತಾಳೆಯಾಗುವುದು ಎಂದರೆ ಸಾಲು ಬಿಟ್ಟುಹೋಗಿಲ್ಲ, ಎರಡು ಸಲ ಬಂದಿಲ್ಲ, ಅಷ್ಟೇ. ಯೂರಿಯಾ ಅಂಕಿಯೇ ತಪ್ಪಿದ್ದರೂ ಲೆಕ್ಕ ಚೆನ್ನಾಗಿಯೇ ತಾಳೆಯಾಗುತ್ತದೆ.

8. ಮಿಗತೆ ಎಲ್ಲಿಗೆ ಹೋಯಿತು?

ಎಲ್ಲರಿಗೂ ಕುತೂಹಲ ಇರುವುದು ಇಲ್ಲೇ, ಲೆಕ್ಕ ಅತಿ ಸಡಿಲ ಆಗಿರುವುದೂ ಇಲ್ಲೇ. ದಾರಿ ನಾಲ್ಕು: ಅಮೋನಿಯಾ ಆಗಿ ಗಾಳಿಗೆ, ನೈಟ್ರೇಟ್ ಆಗಿ ನೀರಿಗೆ, ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ, ಮಿಕ್ಕದ್ದು ಮಣ್ಣಿನ ದಾಸ್ತಾನಿಗೆ ಅಥವಾ ಮತ್ತೆ ಸಾಮಾನ್ಯ ಸಾರಜನಕ ಅನಿಲಕ್ಕೆ. ಗಾಳಿಯಾಡದ ತೇವದ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಅನಿಲವಾಗಿಸುವ ಈ ಕೊನೆಯ ಕ್ರಿಯೆಗೆ ಡಿನೈಟ್ರಿಫಿಕೇಶನ್ ಎನ್ನುತ್ತಾರೆ.

ಹವಾಮಾನ ಬದಲಾವಣೆಯ ಅಂತರ್‌ಸರ್ಕಾರಿ ಸಮಿತಿ, ಅಂದರೆ ಐಪಿಸಿಸಿ, ಇದಕ್ಕೆ ಸಾಮಾನ್ಯ ಅಂಶಗಳನ್ನು ಕೊಟ್ಟಿದೆ. 2006ರ ಕೈಪಿಡಿಯಂತೆ ರಸಗೊಬ್ಬರದ ಶೇ 10, ಕೊಟ್ಟಿಗೆ ಗೊಬ್ಬರದ ಶೇ 20 ಗಾಳಿಗೆ. ಮಳೆ ಚೆನ್ನಾಗಿರುವ ಕಡೆ ಹಾಕಿದ್ದರ ಶೇ 30 ನೀರಿಗೆ. ಶೇ 1 ನೈಟ್ರಸ್ ಆಕ್ಸೈಡ್. 2019ರ ಪರಿಷ್ಕರಣೆಯಲ್ಲಿ ಮೊದಲ ಮೂರು ಸಂಖ್ಯೆ 11, 21, 24 ಆದವು.

ನಮ್ಮ ಹೊಲಕ್ಕೆ ಹಾಕಿ ನೋಡಿ. ಇಲ್ಲಿ ಹಾಕಿದ್ದು ಎಂದರೆ ರಸಗೊಬ್ಬರ 1560, ಕೊಟ್ಟಿಗೆ ಗೊಬ್ಬರ 400 ಸೇರಿ 1960 ಟನ್. 2006ರ ಪ್ರಕಾರ ಗಾಳಿಗೆ 236 ಟನ್, ನೀರಿಗೆ 588, ನೈಟ್ರಸ್ ಆಕ್ಸೈಡ್‌ಗೆ 20. 849ರಲ್ಲಿ ಉಳಿಯುವುದು ಬರೀ 5 ಟನ್. 2019ರ ಪ್ರಕಾರ ಗಾಳಿಗೆ 256, ನೀರಿಗೆ 470, ನೈಟ್ರಸ್ ಆಕ್ಸೈಡ್‌ಗೆ ಅದೇ 20, ಉಳಿಯುವುದು 103 ಟನ್. ಹೊಲ ಅದೇ, ರೈತರು ಅವರೇ, ಗೊಬ್ಬರವೂ ಅಷ್ಟೇ. ಕೈಪಿಡಿ ಬದಲಾಯಿಸಿದ್ದಕ್ಕೆ ನೀರಿಗೆ ಹೋಗುವುದು 118 ಟನ್ ಇಳಿಯಿತು. ಮಿಗತೆ ಎಷ್ಟು ಎಂಬ ಸಂಖ್ಯೆಯನ್ನು ನಾನು ಧೈರ್ಯವಾಗಿ ಎಲ್ಲರ ಮುಂದೆ ಇಡುತ್ತೇನೆ. ಅದು ಎಲ್ಲೆಲ್ಲಿ ಹಂಚಿಹೋಯಿತು ಎಂಬುದನ್ನು ವ್ಯಾಪ್ತಿಯಾಗಿ ಮಾತ್ರ ಹೇಳುತ್ತೇನೆ, "470ರಿಂದ 588" ಅಂತ. ನೀವೂ ಹಾಗೇ ಮಾಡಿ.

ಆ 20 ಟನ್ ಸಣ್ಣದು ಎಂದು ಕೈಬಿಡಬೇಡಿ. ಅದು ಸಾರಜನಕದ ತೂಕ. 44ರಿಂದ ಗುಣಿಸಿ 28ರಿಂದ ಭಾಗಿಸಿದರೆ ನೈಟ್ರಸ್ ಆಕ್ಸೈಡ್ ಸುಮಾರು 31 ಟನ್. ನೂರು ವರ್ಷದ ಲೆಕ್ಕದಲ್ಲಿ ಇದರ ಬಿಸಿ ಹಿಡಿಯುವ ಶಕ್ತಿ ಇಂಗಾಲದ ಡೈಆಕ್ಸೈಡ್‌ನ 273 ಪಟ್ಟು. ಅಂದರೆ 8400 ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮ.

9. ನದಿಯ ಜೊತೆ ಒರೆಹಚ್ಚಿ

ಲೆಕ್ಕವೆಲ್ಲ ಕಾಗದದ ಮೇಲೆಯೇ ಆಯಿತು, ಅಲ್ವಾ? ಹೊರಗಿನ ಒಂದು ಸಾಕ್ಷಿ ಬೇಕು. ನದಿಯ ಹರಿವು ಮತ್ತು ನೀರಿನ ಗುಣಮಟ್ಟದ ಅಂಕಿ ಇದ್ದರೆ ಅದೇ ಸಾಕ್ಷಿ.

ಸರಾಸರಿ ಹರಿವು ಸೆಕೆಂಡಿಗೆ 5 ಘನ ಮೀಟರ್, ನೈಟ್ರೇಟ್ ಸಾರಜನಕ ಲೀಟರಿಗೆ 2 ಮಿಲಿಗ್ರಾಂ ಎನ್ನಿ. ಸೆಕೆಂಡಿಗೆ 10 ಗ್ರಾಂ, ವರ್ಷಕ್ಕೆ 315 ಟನ್. ನಮ್ಮ 1611ರಲ್ಲಿ ಐದನೇ ಒಂದು ಭಾಗದಷ್ಟು. ದೊಡ್ಡ ನದಿ ಕಣಿವೆಗಳ ಅಧ್ಯಯನಗಳಲ್ಲಿ ಮನುಷ್ಯರಿಂದ ಸೇರಿದ ನಿವ್ವಳ ಸಾರಜನಕದ ಸುಮಾರು ಕಾಲು ಭಾಗ ನದಿಯಲ್ಲಿ ಕಾಣಿಸಿಕೊಳ್ಳುತ್ತದೆ. ನಮ್ಮ ಉತ್ತರ ಆ ಆಸುಪಾಸಿನಲ್ಲಿದೆ. ನಿಮ್ಮದು ಶೇ 80 ಬಂದರೆ ಒಂದು ದೊಡ್ಡ ಜಮಾ ಬಿಟ್ಟುಹೋಗಿರುವ ಸಾಧ್ಯತೆ ಜಾಸ್ತಿ.

ಎರಡು ಎಚ್ಚರಿಕೆ. ತಿಂಗಳಿಗೊಮ್ಮೆ ತೆಗೆದ ಮಾದರಿ ಪ್ರವಾಹದ ದಿನಗಳನ್ನು ತಪ್ಪಿಸಿಕೊಂಡಿರುತ್ತದೆ, ಸಾರಜನಕದ ದೊಡ್ಡ ಪಾಲು ಹೋಗುವುದೇ ಆ ದಿನಗಳಲ್ಲಿ. ಇನ್ನೊಂದು, ಅಂತರ್ಜಲಕ್ಕೆ ಇಳಿದ ನೈಟ್ರೇಟ್ ನದಿಗೆ ಬರಲು ವರ್ಷಗಳೇ, ಕೆಲವು ಕಡೆ ದಶಕಗಳೇ ಬೇಕು. ಇಂದು ನದಿಯಲ್ಲಿ ಅಳೆದದ್ದು ಹಿಂದಿನ ತಲೆಮಾರು ಹಾಕಿದ ಗೊಬ್ಬರವೂ ಆಗಿರಬಹುದು.

10. ಯಾವ ಸಂಖ್ಯೆ ಅಲುಗಾಡಿಸುತ್ತದೆ ನೋಡಿ

ಪ್ರತಿ ಸಾಲಿನ ಪಕ್ಕ ಎರಡು ಕಾಲಂ ಸೇರಿಸಿ. ಒಂದರಲ್ಲಿ ಅಂಕಿ ಎಲ್ಲಿಂದ ಬಂತು ಎಂದು ಬರೆಯಿರಿ. ಇನ್ನೊಂದರಲ್ಲಿ ಅದು ಎಷ್ಟು ಹೆಚ್ಚುಕಡಿಮೆ ಆಗಬಹುದು ಎನ್ನುವುದನ್ನು. ಆಮೇಲೆ ಒಂದೊಂದನ್ನೇ ಬದಲಾಯಿಸಿ, ಉತ್ತರ ಎಷ್ಟು ಓಡುತ್ತದೆ ನೋಡಿ.

ಉದಾಹರಣೆಗೆ ಹೊಲ ಮುಟ್ಟಿದ ಕೊಟ್ಟಿಗೆ ಗೊಬ್ಬರ 400 ಅಲ್ಲ, 300 ಟನ್ ಎನ್ನಿ. ಹೊಲದ ಮಿಗತೆ 849ರಿಂದ 749ಕ್ಕೆ ಇಳಿಯುತ್ತದೆ, ದಕ್ಷತೆ ಶೇ 67ಕ್ಕೆ ಏರುತ್ತದೆ. ಕೊಟ್ಟಿಗೆಯ ನಷ್ಟ 322ರಿಂದ 422 ಆಗುತ್ತದೆ. ಪ್ರದೇಶದ ಒಟ್ಟು 1611 ಮಾತ್ರ ಕದಲುವುದಿಲ್ಲ, ಯಾಕೆಂದರೆ ಆ ಬಾಣ ಗೆರೆ ದಾಟಿಲ್ಲ. ಹೊರಗಿನ ಪಶು ಆಹಾರವನ್ನು 100 ಟನ್ ತಪ್ಪಾಗಿ ಹಿಡಿದಿದ್ದರೆ ಒಟ್ಟು ಲೆಕ್ಕವೇ 100 ಟನ್ ಆಚೀಚೆ ಆಗುತ್ತದೆ.

ಹಾಗಾಗಿ ಹೊಲದ ದಕ್ಷತೆ ತಿಳಿಯಬೇಕಿದ್ದವರು ತಿಪ್ಪೆಗಳ ಸಮೀಕ್ಷೆಗೆ ಹೋಗಿ: ಎಷ್ಟು ಗಾಡಿ ಗೊಬ್ಬರ, ಎಷ್ಟು ಒದ್ದೆ, ಎಷ್ಟು ತಿಂಗಳು ಬಿಸಿಲು ಮಳೆಯಲ್ಲಿ ಬಿದ್ದಿತ್ತು. ಇಡೀ ಪ್ರದೇಶದ ಮಿಗತೆ ಬೇಕಿದ್ದವರು ಮೊದಲು ಪಶು ಆಹಾರದ ಗೋದಾಮುಗಳಿಗೆ, ಗೊಬ್ಬರದ ಮಳಿಗೆಗಳಿಗೆ ಹೋಗಿ ದಾಸ್ತಾನು ಪುಸ್ತಕ ನೋಡಿ.